ಕೈ ಸವರದ ಸಾಲುಗಳು

ಆಷಾಢದ ಕೊನೆಗೆ ಬಿದ್ದ ಒಂದು ಹದ ಮಳೆಗೆ ಅಜ್ಜೀಪುರದ ಹೊಲದಲ್ಲಿ ನಾವು ಸೂರ್ಯಕಾಂತಿ ಬಿತ್ತಿದೆವು. ಮಾಮೂಲಿ ಬಿತ್ತನೆಯಲ್ಲ. ಹೆಸರಿನ್ನೂ ಇಡದ, ಬರೀ ನಂಬರಿನಿಂದ ಗುರುತಿಸುವ ಹೊಸ ಹೈಬ್ರಿಡ್‌ಗಳು. ಅವುಗಳ ಜೊತೆ ಹೋಲಿಕೆಗೆಂದು ಅಂಗಡಿಯಲ್ಲಿ ಸಿಗುವ ಒಂದು ಹಳೆಯ ಹೈಬ್ರಿಡ್. ಹೊಲವನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನಲ್ಲೂ ಎಲ್ಲ ತಳಿಗಳನ್ನು ಚೀಟಿ ಎತ್ತಿ ಜಾಗ ಹಂಚಿ, ಒಂದೊಂದಕ್ಕೆ ನಾಲ್ಕು ಸಾಲು ಕೊಟ್ಟಿದ್ದೆವು. ಹೊಲದ ಯಾವುದೋ ಮೂಲೆಯ ಮಣ್ಣು ಚೆನ್ನಾಗಿದ್ದರೆ ಅದರ ಲಾಭ ಒಂದೇ ತಳಿಗೆ ಸಿಗಬಾರದಲ್ಲ, ಅದಕ್ಕೆ.

ಇವುಗಳಲ್ಲಿ ಒಂದೇ ಒಂದನ್ನು ಮುಂದಿನ ಹಂತಕ್ಕೆ ಕಳಿಸಬಹುದಿತ್ತು. ಯಾವುದು ಎಂದು ಹೇಳುವುದು ನನ್ನ ಕೆಲಸ. ಹನೂರು ಕಡೆಯ ಮಳೆಯಾಶ್ರಿತ ಹೊಲದಲ್ಲಿ ಈ ಪರೀಕ್ಷೆ ನಡೆಯಬೇಕೆಂದು ಹಟ ಹಿಡಿದವಳೂ ನಾನೇ. ನಮ್ಮ ತಳಿ ಸಂಶೋಧನೆಯ ಮುಖ್ಯಸ್ಥರಿಗೆ ಅದು ಅಷ್ಟಾಗಿ ಇಷ್ಟವಿರಲಿಲ್ಲ. "ನೀರಾವರಿ ಇರೋ ಕಡೆ ಮಾಡಿದರೆ ಲೆಕ್ಕ ಕ್ಲೀನಾಗಿ ಬರುತ್ತೆ. ಒಂದು ವರ್ಷ ನೋಡೋಣ, ಬೆಳೆ ಕೈಕೊಟ್ಟರೆ ಈ ಪರೀಕ್ಷಾ ಕೇಂದ್ರವನ್ನ ಬೇರೆ ಜಿಲ್ಲೆಗೆ ಹಾಕ್ತೀನಿ," ಎಂದು ಮೊದಲೇ ಹೇಳಿದ್ದರು. ಅವರು ಮಾತು ತಪ್ಪುವವರಲ್ಲ. ಹಾಗಾಗಿ ಆ ಹೊಲ ಕೈಕೊಡಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಹೊಲ ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ. ಜಮೀನಿನ ಯಜಮಾನರು ಐವತ್ತು ದಾಟಿದವರು, ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಳ್ಳದೆ ಹೊಲಕ್ಕೆ ಇಳಿಯದವರು, ದನಿ ಸ್ವಲ್ಪ ಜೋರು. ನಮ್ಮ ಕ್ಷೇತ್ರ ಸಹಾಯಕಿ ಯಳಂದೂರಿನ ಹೆಣ್ಣುಮಗಳು. ಮಾತು ಕಡಿಮೆ, ನಡಿಗೆ ಜೋರು. ನಾವಿಬ್ಬರೂ ವಾರಕ್ಕೆ ಎರಡು ಮೂರು ಸಲ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಿಂದ ಮೊದಲ ಬಸ್ಸು ಹಿಡಿದು, ಇಬ್ಬನಿ ಆರುವ ಮೊದಲೇ ಹೊಲದಲ್ಲಿರುತ್ತಿದ್ದೆವು.

ಸೂರ್ಯಕಾಂತಿಯ ಇಳುವರಿಯನ್ನು ಕೊನೆಗೆ ತೂಗಿದರೆ ಸಾಕು ಎಂದು ಹಲವರು ಅಂದುಕೊಳ್ಳುತ್ತಾರೆ. ತೂಕ ಎಷ್ಟು ಬಂತು ಎನ್ನುವುದನ್ನು ತಕ್ಕಡಿ ಹೇಳುತ್ತದೆ, ಯಾಕೆ ಬಂತು ಎನ್ನುವುದನ್ನು ಹೇಳುವುದಿಲ್ಲ. ಅದಕ್ಕೇ ಗಿಡದ ಒಂದೊಂದು ಗುಣವನ್ನೂ ಬೇರೆ ಬೇರೆ ಅಳೆಯಬೇಕು. ಪ್ರತಿ ತಳಿಯಲ್ಲಿ ಕೆಲವು ಗಿಡಗಳನ್ನು ಆರಿಸಿ ಚೀಟಿ ಕಟ್ಟಿದೆವು. ಎತ್ತರಕ್ಕೆ ಅಳತೆ ಕೋಲು, ಕಾಂಡದ ದಪ್ಪಕ್ಕೆ ಕ್ಯಾಲಿಪರ್. ಎಲೆ ಎಣಿಸುವುದು, ಮೊಗ್ಗು ಯಾವಾಗ ಕಂಡಿತು, ಅರ್ಧ ಗಿಡಗಳು ಯಾವಾಗ ಅರಳಿದವು ಎಂದು ಗುರುತು ಹಾಕುವುದು. ಸೂರ್ಯಕಾಂತಿಯ ಎಲೆ ಕೈಗೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಸಾಲಿನ ಮಧ್ಯೆ ತೋಳು ಮುಚ್ಚದೆ ಓಡಾಡಿದರೆ ಮನೆಗೆ ಹೋಗಿ ಸ್ನಾನ ಮಾಡುವಾಗ ಗೊತ್ತಾಗುತ್ತದೆ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಹೊಲ ಅರಳತೊಡಗಿತು. ಅದರಲ್ಲಿ ಒಂದು ತಳಿ ಎಲ್ಲರ ಕಣ್ಣು ಸೆಳೆಯುವಂತಿತ್ತು. ಊಟದ ತಟ್ಟೆಯಷ್ಟು ಅಗಲದ ತೆನೆ, ದಪ್ಪ ಕಾಂಡ, ನೆಟ್ಟಗೆ ಎತ್ತಿದ ಮುಖ. ಅದರ ಜನಕರು ನಮ್ಮ ಮುಖ್ಯಸ್ಥರೇ. ಹೈಬ್ರಿಡ್‌ಗೆ ಮೂಲವಾದ ತಂದೆ ಸಾಲು, ತಾಯಿ ಸಾಲು ಎಂಬ ಎರಡು ವಂಶಗಳನ್ನೂ ವರ್ಷಗಟ್ಟಲೆ ಆರಿಸಿ ಶುದ್ಧ ಮಾಡಿದ್ದರು. ಬೆಟ್ಟಕ್ಕೆ ಹೋಗುವವರು ಬೈಕು ನಿಲ್ಲಿಸಿ ಹೊಲಕ್ಕೆ ಇಳಿದು ಆ ತೆನೆಗಳ ಪಕ್ಕದಲ್ಲೇ ಮುಖ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಜಮಾನರು ಬದುವಿನ ಮೇಲೆ ನಿಂತು ಕೂಗುತ್ತಿದ್ದರು:

"ಲೇ, ಸಾಲ್ ತುಳೀಬ್ಯಾಡ್ರಲಾ! ಇದು ಪರೀಕ್ಸೆ ಬೆಳೆ ಕಣ್ಲಾ! ಮಾದಪ್ಪನ್ ನೋಡಕ್ ಓಗ್ತಿದ್ದೀರೋ, ಊವಾ ನೋಡಕ್ ಬಂದಿದ್ದೀರೋ?"

ಬೈದ ಮೇಲೆ ಅವರೇ ಅದರ ಪಕ್ಕಕ್ಕೆ ಹೋಗಿ ಗೇಣು ಹಾಕಿ ನೋಡಿ ನನ್ನ ಕಡೆ ತಿರುಗುತ್ತಿದ್ದರು. "ಇದ್ನೇ ಕೊಡಿ ಮೇಡಮ್ಮೋರೆ. ಮಿಕ್ಕಿದ್ದೆಲ್ಲ ಯಾಕೆ?"

ಮಿಕ್ಕಿದ್ದರಲ್ಲಿ ಒಂದರ ಮೇಲೆ ನನಗೆ ಕಣ್ಣಿತ್ತು. ನೋಡಲು ಅದರಲ್ಲಿ ಏನೂ ವಿಶೇಷವಿಲ್ಲ. ಮಧ್ಯಮ ಎತ್ತರ, ಮಧ್ಯಮ ಅಗಲದ ತೆನೆ. ಆದರೆ ಅರಳಿದ ಸ್ವಲ್ಪ ದಿನಕ್ಕೇ ಕತ್ತು ಬಗ್ಗಿಸಿ ನೆಲ ನೋಡುತ್ತಿತ್ತು. ತೆನೆಯ ಮುಖ ಬಟ್ಟಲಿನ ಹಾಗೆ ತಗ್ಗಾಗಿರದೆ ಸ್ವಲ್ಪ ಉಬ್ಬಿತ್ತು. ಅದು ನಾನು ಮಾಡಿದ ಸಂಕರ. ಹಾಗಾಗಿ ನನ್ನ ಕಣ್ಣನ್ನು ನಾನೇ ಪೂರ್ತಿ ನಂಬುವ ಹಾಗಿರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಆ ಕಡೆ ಆ ತಿಂಗಳಲ್ಲಿ ಮಳೆ ಬರುವುದು ಹೊಸತಲ್ಲ; ಸಂಜೆ ಗುಡುಗಿ, ಹೊಡೆದು ಹೋಗುತ್ತದೆ. ಈ ಸಲ ಹೋಗಲಿಲ್ಲ. ಬೆಳಿಗ್ಗೆ ಎದ್ದರೆ ಮೋಡ, ಮಧ್ಯಾಹ್ನ ಜಿಟಿಜಿಟಿ, ಸಂಜೆ ಜೋರು. ಬೆಟ್ಟದ ಸಾಲು ಕಾಣಿಸುವುದೇ ನಿಂತುಹೋಯಿತು. ಸೂರ್ಯಕಾಂತಿ ಒಂದೇ ದಿನಕ್ಕೆ ಅರಳುವ ಹೂವಲ್ಲ. ತೆನೆಯೊಳಗಿನ ಚಿಕ್ಕ ಹೂಗಳು ಅಂಚಿನಿಂದ ಶುರುವಾಗಿ ದಿನಕ್ಕಿಷ್ಟು ಸುತ್ತಿನಂತೆ ನಡುವಿನ ಕಡೆಗೆ ಅರಳುತ್ತ ಹೋಗುತ್ತವೆ. ಆ ದಿನಗಳಲ್ಲಿ ಜೇನು ಬಂದು ಪರಾಗ ಹೊತ್ತು ಓಡಾಡಿದರೆ ಕಾಳು, ಇಲ್ಲದಿದ್ದರೆ ಜೊಳ್ಳು. ಸರಿಯಾಗಿ ಆ ದಿನಗಳಲ್ಲೇ ಜೇನು ಬರಲಿಲ್ಲ. ನಾನು ಒಂದು ತೆನೆಯ ಮೇಲೆ ಬೆರಳಿಟ್ಟು ನೋಡಿದೆ. ಪುಡಿಯಾಗಿ ಉದುರಬೇಕಿದ್ದ ಪರಾಗ ಕಲಸಿದ ಅರಿಸಿನದ ಹಾಗೆ ಬೆರಳಿಗೆ ಮೆತ್ತಿಕೊಂಡಿತು.

ಬಸ್‌ ಶೆಲ್ಟರಿನಲ್ಲಿ ನಿಂತು ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಯೋಚನೆಯನ್ನೇ ಮಾಡಲಿಲ್ಲ.

"ನಾಳೆಯಿಂದಲೇ ಆಳು ಹಿಡಿದು ಕೈಯಿಂದ ಪರಾಗಸ್ಪರ್ಶ ಮಾಡಿಸಿ. ಎಲ್ಲ ಸಾಲಿಗೂ. ಟ್ರಯಲ್ ಉಳಿಸಿಕೊಳ್ಳಿ."

ಅವರು ಹೇಳಿದ್ದು ಸರಿಯಾದ ಕ್ರಮವೇ. ಕೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ತೆನೆಯ ಮುಖವನ್ನು ಒಂದೊಂದಾಗಿ ಸವರುತ್ತ ಹೋದರೆ ಒಂದರ ಪರಾಗ ಇನ್ನೊಂದಕ್ಕೆ ತಲುಪಿ ಕಾಳು ಕಟ್ಟುತ್ತದೆ. ನಾನೇ ಎಷ್ಟೋ ರೈತರಿಗೆ ಇದನ್ನು ಹೇಳಿಕೊಟ್ಟಿದ್ದೇನೆ. ಆದರೆ ಫೋನ್ ಕಿವಿಗಿಟ್ಟುಕೊಂಡೇ ಹೊಲದ ಕಡೆ ನೋಡುತ್ತಿದ್ದಾಗ ನನಗೆ ಬೇರೆಯದೇ ಒಂದು ಮಾತು ಹೊಳೆಯಿತು. ಕೆಲವು ತಳಿಗಳು ತಮ್ಮ ಪರಾಗದಿಂದ ತಾವೇ ಕಾಳು ಕಟ್ಟಬಲ್ಲವು, ಕೆಲವು ಕಟ್ಟಲಾರವು. ಯಾವುದು ಎಂಥದ್ದು ಎಂದು ತಿಳಿಯಲು ಜೇನು ಕೂರದ ಹಾಗೆ ತೆನೆಗಳಿಗೆ ಬಟ್ಟೆ ಚೀಲ ಕಟ್ಟಿ ಬೇರೆಯದೇ ಪ್ರಯೋಗ ಮಾಡಬೇಕಾಗುತ್ತದೆ. ಇಲ್ಲಿ ಮಳೆಯೇ ಇಡೀ ಹೊಲಕ್ಕೆ ಚೀಲ ಕಟ್ಟಿ ನಿಂತಿತ್ತು.

"ಸರ್, ಎಲ್ಲ ಸಾಲಿಗೂ ಕೈ ಹಾಕಿದರೆ ನಾವು ಅಳೆಯೋದು ಆಳುಗಳ ಕೈಯನ್ನ. ಗಿಡವನ್ನಲ್ಲ," ಎಂದೆ.

"ಬಿಟ್ಟರೆ ಅಳೆಯೋಕೆ ಏನೂ ಉಳಿಯೋದಿಲ್ಲಮ್ಮ."

"ಅರ್ಧ ಬಿಡ್ತೀನಿ ಸರ್. ಪ್ರತಿ ತಳಿಯ ನಾಲ್ಕು ಸಾಲಲ್ಲಿ ಎರಡಕ್ಕೆ ಕೈ, ಎರಡನ್ನ ಹಾಗೇ."

ಸಾಲು ಅರ್ಧವಾದರೆ ಲೆಕ್ಕದ ಬಲವೂ ಕುಗ್ಗುತ್ತದೆ, ತಳಿ ತಳಿಯ ನಡುವಿನ ಸಣ್ಣ ವ್ಯತ್ಯಾಸ ಗೊತ್ತಾಗದೆ ಹೋಗಬಹುದು. ಇದು ನನಗೂ ಗೊತ್ತಿತ್ತು. ಎರಡು ಬಗೆಯ ಸಾಲುಗಳೂ ಕೆಟ್ಟು ಏನನ್ನೂ ಹೇಳಲಾಗದ ಸ್ಥಿತಿ ಬಂದರೆ ಕೇಂದ್ರ ಹೋಯಿತು, ನನ್ನ ಹಟವೂ ಹೋಯಿತು.

"ಹೊಲದಲ್ಲಿ ನಿಂತಿರೋರು ನೀವು," ಎಂದರು ಮುಖ್ಯಸ್ಥರು. "ನಾನಾಗಿದ್ದರೆ ಹೀಗೆ ಮಾಡ್ತಿರಲಿಲ್ಲ. ನಿಮ್ಮ ಹೊಣೆ."

ಮರುದಿನ ಸಹಾಯಕಿ ಪ್ರತಿ ತಳಿಯಲ್ಲೂ ಎರಡು ಸಾಲುಗಳ ತುದಿಗೆ ಕೆಂಪು ದಾರ ಕಟ್ಟುತ್ತ ಹೋದಳು. ಊರಿನ ಹೆಂಗಸರು ತಲೆಗೆ ಗೊಬ್ಬರದ ಚೀಲ ಹೊದ್ದು ಬಂದರು. ಮಳೆ ಬಿಟ್ಟ ಗಳಿಗೆ ನೋಡಿ, ತೆನೆಯ ನೀರು ಮೆಲ್ಲಗೆ ಕೊಡವಿ, ದಾರದ ಸಾಲುಗಳನ್ನು ಮಾತ್ರ ಸವರಬೇಕು. ಜೋರಾಗಿ ಒತ್ತಿದರೆ ಎಳೆ ಹೂಗಳೇ ಮುರಿಯುತ್ತವೆ. ಒಂದು ತಳಿ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಬಟ್ಟೆ ಬದಲಿಸಬೇಕು. ಒಂದು ದಿನ ಬಿಟ್ಟು ಒಂದು ದಿನ, ನಡುವಿನ ಹೂ ಅರಳುವವರೆಗೂ ಇದೇ ಕೆಲಸ. ನಾನೂ ಒಂದು ಸಾಲು ಹಿಡಿದೆ. ಸಂಜೆ ಹೊತ್ತಿಗೆ ನಮ್ಮೆಲ್ಲರ ಅಂಗೈ ಹಳದಿ.

ಯಜಮಾನರಿಗೆ ಇದು ಸಹಿಸಲಾಗಲಿಲ್ಲ. ದಾರ ಕಟ್ಟದ ಸಾಲಿನ ಮುಂದೆ ನಿಂತು ಕೇಳಿದರು:

"ಇದೇನ್ ಮೇಡಮ್ಮೋರೆ? ಒಂದ್ ಪಂಕ್ತೀಲಿ ಕುಂತೋರ್ಗೆ ಅರ್ಧ ಜನುಕ್ ಬಡಿಸ್ಬುಟ್ಟು ಅರ್ಧ ಜನುಕ್ ಬರೀ ಎಲೆ ಆಕ್ತಾ ಇದ್ದೀರಿ? ಆಳೂ ಬಂದವ್ರೆ, ಒಂದೇ ಸಲಕ್ಕೆ ಎಲ್ಲಾನೂ ಸವರುಸ್ಬುಡಿ ಅತ್ಲಾಗಿ."

"ಯಜಮಾನ್ರೆ, ನಿಮ್ಮ ಸ್ವಂತ ಬೆಳೆ ಆಗಿದ್ದರೆ ಇಷ್ಟು ಆಳು ಹಿಡಿದು ಸವರಿಸ್ತಿದ್ರಾ?"

"ಎಲ್ಲಾಯ್ತದೆ? ಈ ಮಳೇಲಿ ಯಾರ್ ಬತ್ತಾರೆ? ಊವಾ ಅದರ ಪಾಡ್ಗದು."

"ಅದರ ಪಾಡಿಗೆ ಬಿಟ್ಟರೆ ಯಾವುದು ಕಾಳು ಕಟ್ಟುತ್ತೆ ಅಂತಲೇ ನೋಡ್ಬೇಕು."

ಅವರು ಒಪ್ಪಲಿಲ್ಲ. ಆದರೆ ಸಹಾಯಕಿ ಇಲ್ಲದ ದಿನ ಯಾರೂ ಬಿಟ್ಟ ಸಾಲಿಗೆ ಕೈ ಹಾಕದ ಹಾಗೆ ನೋಡಿಕೊಂಡರು. ಬೈಯುತ್ತಲೇ ಕಾಯುವುದು ಅವರ ರೀತಿ.

ಮಳೆ ನಿಂತ ಮೇಲಿನ ವಾರಗಳು ನನಗೆ ಕಷ್ಟದವು. ಎತ್ತರದ ಎರಡು ತಳಿಗಳು ಗಾಳಿಗೆ ಒರಗಿ ಮಲಗಿಬಿಟ್ಟವು. ಕಾಂಡ ದಪ್ಪ ಇದ್ದವು ನಿಂತವು. ಬಟ್ಟಲು ಮುಖದ ತೆನೆಗಳಲ್ಲಿ ನೀರು ನಿಂತು ಹಿಂಭಾಗ ಕೊಳೆಯಲು ಶುರುವಾಯಿತು. ಮುಖ್ಯಸ್ಥರ ಅಗಲ ತೆನೆಯ ತಳಿಯಲ್ಲೂ ಕೆಲವು ಹೋದವು. ಗಿಣಿಗಳ ಹಿಂಡು ಇಳಿಯಿತು. ನೆಟ್ಟಗೆ ನಿಂತ ತೆನೆಯ ಅಂಚಿನ ಮೇಲೆ ಆರಾಮಾಗಿ ಕೂತು ತಿನ್ನುತ್ತಿದ್ದವು. ಕತ್ತು ಬಗ್ಗಿಸಿದ ತೆನೆಗಳಲ್ಲಿ ಕಾಲೂರಲು ಜಾಗ ಸಿಗದೆ ಜಾರಿ ಹಾರಿಹೋಗುತ್ತಿದ್ದವು. ಇದೆಲ್ಲ ಬರೆದುಕೊಂಡೆ. ಆದರೂ ಬಿಟ್ಟ ಸಾಲುಗಳಲ್ಲಿ ಕಾಳಿದೆಯೋ ಇಲ್ಲವೋ ಹೊರಗಿನಿಂದ ಹೇಳುವಂತಿರಲಿಲ್ಲ. ಜೊಳ್ಳೂ ಕಾಳಿನಷ್ಟೇ ಕಪ್ಪಗೆ, ಕಾಳಿನಷ್ಟೇ ಉದ್ದಕ್ಕೆ ಇರುತ್ತದೆ. ಒಂದೆರಡು ತೆನೆ ಮುರಿದು ನೋಡೋಣ ಎಂದು ಸಹಾಯಕಿ ಹೇಳಿದಳು. ಬೇಡ ಎಂದೆ. ನೋಡಿದರೆ ನನಗೆ ಬೇಕಾದ ತೆನೆಯನ್ನೇ ನನ್ನ ಕೈ ಆರಿಸುತ್ತದೆಯೇನೋ ಎಂಬ ಅಳುಕು.

ತೆನೆಯ ಬೆನ್ನು ನಿಂಬೆ ಬಣ್ಣಕ್ಕೆ ತಿರುಗಿದಾಗ ಕೊಯ್ದೆವು. ಸಾಲು ಸಾಲಾಗಿ ಬೇರೆ ಚೀಲ, ಚೀಲದ ಒಳಗೊಂದು ಹೊರಗೊಂದು ಚೀಟಿ. ಕೊಳ್ಳೇಗಾಲದಲ್ಲಿ ನಮ್ಮ ಆಫೀಸು ಇರುವುದು ಒಂದು ಮಹಡಿಯ ಮೇಲೆ. ಅದರ ತಾರಸಿಯಲ್ಲಿ ಒಣಗಿಸಿದೆವು. ಒಣಗಿದ ಮೇಲೆ ಗುರುತು ಮಾಡಿದ ತೆನೆಗಳ ಅಗಲ ಅಳೆದು, ಒಂದೊಂದರ ಅಂಚಿನದನ್ನೂ ನಡುವಿನದನ್ನೂ ಬೇರೆ ಬೇರೆಯಾಗಿ ಬಿಡಿಸಿ, ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಕೂತೆವು. ಉಗುರಿನಿಂದ ಒತ್ತಿದರೆ ಗಟ್ಟಿ ಕಾಳು ಬಗ್ಗುವುದಿಲ್ಲ, ಜೊಳ್ಳು ಚಪ್ಪಟೆಯಾಗುತ್ತದೆ. ಗಟ್ಟಿಯನ್ನು ಬಲಕ್ಕೆ, ಜೊಳ್ಳನ್ನು ಎಡಕ್ಕೆ.

ಅಗಲ ತೆನೆಯ ತಳಿಯ ಕೈ ಸವರಿದ ಸಾಲಿನ ಕಾಳು ಮೊದಲು ಬಂತು. ಬಲಗಡೆಯ ರಾಶಿ ನೋಡಿ ನಾನು ಸೋತೆ ಅಂದುಕೊಂಡೆ. ಅಷ್ಟು ದೊಡ್ಡ ರಾಶಿ ನನ್ನ ತಳಿಯದ್ದಾಗುವುದು ಸಾಧ್ಯವೇ ಇರಲಿಲ್ಲ. ಆಮೇಲೆ ಅದೇ ತಳಿಯ ಬಿಟ್ಟ ಸಾಲಿನದು ಬಂತು. ಅಂಚಿನ ಕಡೆಯ ಕಾಳು ಪರವಾಗಿಲ್ಲ. ನಡುವಿನದು ಬರೀ ಜೊಳ್ಳು. ಎಡಗಡೆಯ ರಾಶಿ ಬೆಳೆಯುತ್ತಲೇ ಹೋಯಿತು. ಸಹಾಯಕಿ ತಲೆ ಎತ್ತಿ ನನ್ನನ್ನು ನೋಡಿದಳು.

ಕತ್ತು ಬಗ್ಗಿಸಿದ ತಳಿಯ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅದರ ಸವರಿದ ಸಾಲು, ಸವರದ ಸಾಲು ಎರಡನ್ನೂ ಪಕ್ಕಪಕ್ಕದಲ್ಲಿ ಹರಡಿದೆವು. ಚೀಟಿ ನೋಡದಿದ್ದರೆ ಯಾವುದು ಯಾವುದೆಂದು ಹೇಳಲಾಗುತ್ತಿರಲಿಲ್ಲ. ನಡುವಿನ ಕಾಳು ಚಿಕ್ಕದಾಗಿತ್ತು, ನಿಜ. ಆದರೆ ಒತ್ತಿದರೆ ಗಟ್ಟಿ.

"ಮೇಡಂ," ಎಂದಳು ಸಹಾಯಕಿ, "ಚೀಟಿ ಅದಲು ಬದಲು ಆಗಿಲ್ಲ ತಾನೇ?"

ಚೀಲದ ಹೊರಗಿನ ಚೀಟಿ, ಒಳಗಿನ ಚೀಟಿ ಎರಡನ್ನೂ ಮತ್ತೆ ನೋಡಿದೆವು. ಉಳಿದ ಎರಡು ಪಾಲುಗಳ ಚೀಲ ಬಿಚ್ಚಿದೆವು. ಅಲ್ಲೂ ಹಾಗೇ. ಆಗ ಅವಳು ನಕ್ಕಳು. ನಾನು ಕೆಳಗಿಳಿದು ಹೋಗಿ ಇಬ್ಬರಿಗೂ ಟೀ ತಂದೆ.

ಲೆಕ್ಕ ಹಾಕಲು ಕೂತಾಗ ಇನ್ನೊಂದು ಸಂಗತಿ ಬಿಚ್ಚಿಕೊಂಡಿತು. ಎಲ್ಲ ಗಿಡಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ತೆನೆಯ ಅಗಲ ಹೆಚ್ಚಿದಂತೆ ಇಳುವರಿಯೂ ಹೆಚ್ಚುತ್ತಿತ್ತು. ಇಷ್ಟಕ್ಕೇ ನಿಂತರೆ ಅಗಲ ತೆನೆಯೇ ಉತ್ತರ. ಆದರೆ ಒಂದು ಗುಣ ಇಳುವರಿಯ ಜೊತೆ ನಡೆದುಬಂದ ಮಾತ್ರಕ್ಕೆ ಇಳುವರಿಯನ್ನು ಹೊತ್ತು ತಂದದ್ದು ಅದೇ ಎಂದಲ್ಲ. ಹೊತ್ತವರು ಬೇರೆ ಇರಬಹುದು. ಪ್ರತಿ ಗುಣದ ನೇರ ಪ್ರಭಾವವನ್ನೂ, ಇನ್ನೊಂದರ ಮೂಲಕ ಬರುವ ಪ್ರಭಾವವನ್ನೂ ಬೇರ್ಪಡಿಸಿ ನೋಡಿದೆ. ಅಗಲದ ಹೆಚ್ಚುಪಾಲು ಕೊಡುಗೆ ಬರುತ್ತಿದ್ದುದು ತುಂಬಿದ ಕಾಳಿನ ಸಂಖ್ಯೆಯ ಮೂಲಕ. ಆ ಸಂಖ್ಯೆಯನ್ನು ಪಕ್ಕಕ್ಕಿಟ್ಟರೆ ಅಗಲದ ಕೈಯಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ನೇರವಾಗಿ ಹೊತ್ತದ್ದು ತುಂಬಿದ ಕಾಳು ಮತ್ತು ಕಾಳಿನ ತೂಕ. ಎತ್ತರದಿಂದ ಲಾಭಕ್ಕಿಂತ ಒರಗುವ ಭಯವೇ ಜಾಸ್ತಿ. ಕಾಂಡದ ದಪ್ಪ ಸದ್ದಿಲ್ಲದೆ ಎಲ್ಲದಕ್ಕೂ ಆಸರೆಯಾಗಿತ್ತು.

ಮುಖ್ಯಸ್ಥರು ಬಂದರು. ನಾನು ವರದಿ ಮುಂದಿಟ್ಟೆ. ಅವರು ಅದನ್ನು ತೆರೆಯದೆ, "ಕಾಳು ತನ್ನಿ," ಎಂದರು. ತಮ್ಮ ತಳಿಯ ಸವರದ ಸಾಲಿನ ಉಳಿದ ತೆನೆಗಳನ್ನು ತಾವೇ ಬಡಿದು, ನೆಲದ ಮೇಲೆ ಕೂತು, ಉಗುರಿನಲ್ಲಿ ಒಂದೊಂದೇ ಒತ್ತಿ ನೋಡಿದರು. ಎಷ್ಟೋ ವರ್ಷ ಕೈಯಾರೆ ಬೆಳೆಸಿದ್ದು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತೆ.

"ಸವರಿದ ಸಾಲಲ್ಲಿ?" ಎಂದು ಕೇಳಿದರು.

"ನಿಮ್ಮದೇ ಮುಂದೆ ಸರ್. ಅದರ ಹತ್ತಿರಕ್ಕೆ ಬೇರೆ ಯಾವುದೂ ಬಂದಿಲ್ಲ. ಅದನ್ನೂ ಬರೆದಿದ್ದೀನಿ."

"ಹಾಗಾದರೆ ಬಿಸಿಲೂ ಜೇನೂ ಇರೋ ವರ್ಷದಲ್ಲಿ ಇದೇ ಗೆಲ್ಲುತ್ತೆ."

"ಹೌದು ಸರ್."

ಅವರು ಎದ್ದು ಅಂಗೈಗೆ ಅಂಟಿದ ಹೊಟ್ಟು ಕೊಡವಿಕೊಂಡರು. "ಎಂಥ ವರ್ಷ ಬರುತ್ತೆ ಅಂತ ಕೇಳಿಕೊಂಡು ಇಲ್ಲಿ ಯಾರೂ ಬಿತ್ತೋದಿಲ್ಲವಲ್ಲಮ್ಮ," ಎಂದರು. "ನಿಮ್ಮದನ್ನ ಕಳಿಸಿ. ನನ್ನದರ ತಾಯಿ ಸಾಲಿಗೆ ನಿಮ್ಮದರ ಈ ಗುಣ ಸೇರಿಸೋಕಾಗುತ್ತಾ ನೋಡೋಣ." ಬಾಗಿಲ ತನಕ ಹೋದವರು ತಿರುಗಿ, "ಎಲ್ಲಕ್ಕೂ ಕೈ ಹಾಕಿಸಿದ್ದರೆ ಇದು ಗೊತ್ತೇ ಆಗ್ತಿರಲಿಲ್ಲ," ಎಂದರು. ಅವರು ಹೊಗಳುವುದು ಅಪರೂಪ. ಆ ಮಾತನ್ನು ನಾನು ಮನೆಯಲ್ಲಿ ಎರಡು ಸಲ ಹೇಳಿದೆ.

ಮುಂದಿನ ಮುಂಗಾರಿಗೆ ನಮ್ಮ ತಳಿಯನ್ನು ರೈತರ ಹೊಲಗಳಲ್ಲಿ ಇಳಿಸಿದೆವು: ಕಾವೇರಿ ಕಡೆಯ ಸತ್ತೇಗಾಲದಲ್ಲಿ ನೀರಾವರಿಯ ಒಂದು ಹೊಲ, ಯಳಂದೂರಿನ ಆಚೆ ಒಂದು, ಅಜ್ಜೀಪುರದ ಅದೇ ಯಜಮಾನರ ಹತ್ತಿರ ಒಂದು. ಪಕ್ಕದಲ್ಲಿ ಅಂಗಡಿಯ ಹೈಬ್ರಿಡ್. ಈ ಸಲ ಯಾವ ಹೊಲದಲ್ಲೂ ಯಾರೂ ಕೈ ಸವರಲಿಲ್ಲ. ಸತ್ತೇಗಾಲದಲ್ಲಿ ನೀರೂ ಇತ್ತು, ತೆಂಗಿನ ತೋಟದ ಜೇನೂ ಇತ್ತು. ಅಲ್ಲಿ ನಮ್ಮದು ಅಂಗಡಿಯ ಹೈಬ್ರಿಡ್‌ಗಿಂತ ಹಿಂದೆ ಬಿತ್ತು. ಆ ರೈತರು ಮುಖದ ಮೇಲೇ ಹೇಳಿದರು, ನಾನು ಹಾಗೇ ಬರೆದುಕೊಂಡೆ. ಯಳಂದೂರಿನ ಕಡೆ ಹೂವಿನ ಹೊತ್ತಿಗೆ ಮೋಡ ಕವಿದಿತ್ತು. ಅಲ್ಲಿ ಅಂಗಡಿಯದು ನಡುವಿನಲ್ಲಿ ಜೊಳ್ಳಾಯಿತು, ನಮ್ಮದು ತುಂಬಿತು.

ಅಜ್ಜೀಪುರದಲ್ಲಿ ಕಡೆಯ ಮಳೆ ಬರಲೇ ಇಲ್ಲ; ಒಣಗಿದ ಬೆಟ್ಟದ ಕಡೆಯಿಂದ ಜೇನೂ ಅಷ್ಟಾಗಿ ಬರಲಿಲ್ಲ. ತೆನೆಗಳು ಅಂಗೈ ಅಗಲಕ್ಕೇ ನಿಂತವು. ಯಜಮಾನರು ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದರು. "ಊವಾನಾ ಇದು? ಬಟ್ಟೆ ಗುಂಡಿ ಇದ್ದಂಗವೆ. ಊರೋರು ನಗ್ತಾವ್ರೆ ಕಣ್ರಿ."

ಬಡಿಯುವ ದಿನ ಮುಖ್ಯಸ್ಥರೂ ನಮ್ಮ ಜೊತೆ ಬಂದರು. ಕಣದಲ್ಲಿ ಎರಡು ರಾಶಿ. ಯಜಮಾನರು ಮೊದಲು ಅಂಗಡಿಯ ಹೈಬ್ರಿಡ್ ತೂರಿದರು. ಮೊರ ಎತ್ತಿ ಸುರಿದಾಗ ಗಾಳಿಗೆ ಜೊಳ್ಳು ದೂರದವರೆಗೆ ಹಾರಿ ಬಿತ್ತು. ಆಮೇಲೆ ನಮ್ಮದನ್ನು ಮೊರಕ್ಕೆ ತುಂಬಿ, ಎತ್ತಿ ಸುರಿದರು. ಕಾಳು ನೆಟ್ಟಗೆ ಕಾಲ ಬುಡಕ್ಕೇ ಬಿತ್ತು. ಗಾಳಿ ನಿಂತಿರಬೇಕೆಂದು ಅವರು ಸ್ವಲ್ಪ ಕಾದು, ಟವೆಲ್ಲಿನ ತುದಿ ಎತ್ತಿ ಹಿಡಿದು ಗಾಳಿ ಇದೆಯೇ ನೋಡಿ, ಮತ್ತೆ ಸುರಿದರು. ಹಾರಿದ್ದು ಒಂದಿಷ್ಟು ಒಣ ಪಕಳೆ, ಅಷ್ಟೇ.

"ಆರೋದೇ ಇಲ್ವಲ್ಲಾ ಸಾ ಇದು," ಎಂದರು ಮುಖ್ಯಸ್ಥರ ಕಡೆ ತಿರುಗಿ.

"ಅದು ಇವರ ಕೆಲಸ. ಇವರನ್ನ ಕೇಳಿ," ಎಂದರು ಮುಖ್ಯಸ್ಥರು.

ಯಜಮಾನರು ಬಗ್ಗಿ ಒಂದು ಹಿಡಿ ಕಾಳು ತೆಗೆದುಕೊಂಡು ಒಂದನ್ನು ಹಲ್ಲಿನಲ್ಲಿ ಕಡಿದರು, ಇನ್ನೊಂದನ್ನು ಕಡಿದರು. ಪಕ್ಕದ ಹೊಲದವರೂ ಬಂದು ಸುತ್ತ ನಿಂತಿದ್ದರು.

"ಮೇಡಮ್ಮೋರೆ, ಇದ್ರಾಗೇ ವಸಿ ಮಡಿಕಂಡು ಬರೋ ವರ್ಸ ಬಿತ್ತುದ್ರೆ ಇಂಗೇ ಬತ್ತದಾ?"

"ಇಲ್ಲ ಯಜಮಾನ್ರೆ. ಇದು ಹೈಬ್ರಿಡ್. ಇದರ ಕಾಳು ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ ಆಗುತ್ತೆ. ತಂದೆ ಸಾಲು ತಾಯಿ ಸಾಲು ಕೂಡಿಸಿ ಪ್ರತಿ ವರ್ಷ ನಾವೇ ಹೊಸದಾಗಿ ಬೀಜ ಮಾಡಿ ಕೊಡ್ಬೇಕು."

ಅವರು ಹಿಡಿಯಲ್ಲಿದ್ದ ಕಾಳನ್ನು ಒಂದೂ ಬೀಳದ ಹಾಗೆ ರಾಶಿಗೆ ಬಿಟ್ಟು, ನೆರೆಯವರೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು:

"ಅಂಗಾರೆ ಇನ್ಮ್ಯಾಕೆ ನೀವು ವರ್ಸ ವರ್ಸ ಬರ್ಲೇಬೇಕಾಯ್ತು."